ಅಂತೆ, ಕಂತೆ, ಪುರಾವೆ: ವಿಜ್ಞಾನದ ಮಾತನ್ನು ಒರೆಗೆ ಹಚ್ಚಲು ಮಕ್ಕಳಿಗೆ ಕಲಿಸುವ ಬಗೆ

ಮುಂಬೈಯ ಕನ್ನಡ ಮನೆಯ ಮಕ್ಕಳ ಕಿವಿಗೆ ದಿನಕ್ಕೆ ನಾಲ್ಕು ಭಾಷೆ ಬೀಳುತ್ತದೆ. ಶಾಲೆಯಲ್ಲಿ ಇಂಗ್ಲಿಷ್, ಮೈದಾನದಲ್ಲಿ ಹಿಂದಿ, ಚಾಳಿನ ಮೆಟ್ಟಿಲ ಮೇಲೆ ಮರಾಠಿ, ಅಡುಗೆಮನೆಯಲ್ಲಿ ಕನ್ನಡ ಇಲ್ಲವೇ ತುಳು. ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ಸುದ್ದಿ ನಾಲ್ಕರಲ್ಲೂ ಬರುತ್ತದೆ. ಅದನ್ನು ಒರೆಗೆ ಹಚ್ಚಲು ಕಲಿಸುವುದಾದರೆ ಕನ್ನಡದಲ್ಲೇ ಶುರು ಮಾಡುವುದು ಸುಲಭ. ‘ಮಳೆ ಬರುತ್ತದೆ’ ಎಂದರೆ ಹೇಳುವವರೇ ಹೊಣೆ. ‘ಮಳೆ ಬರುತ್ತದಂತೆ’ ಎಂದರೆ ಹೊಣೆ ಬೇರೆ ಯಾರದೋ. ಕೇಳಿದ ಮಾತನ್ನು ಕಂಡ ಮಾತಿನಿಂದ ಬೇರೆ ಮಾಡುವ ಈ ಪುಟ್ಟ ಬಾಲವನ್ನು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಸರಾಗವಾಗಿ ಬಳಸುತ್ತಾರೆ. ಮರಾಠಿಯ ‘ಮ್ಹಣೇ’ಯೂ ಇದೇ ಕೆಲಸ ಮಾಡುವುದರಿಂದ ಕನ್ನಡ ಓದಲು ಬಾರದ ಮಗುವಿಗೂ ಇದು ಹೊಸತಲ್ಲ.

ಇಲ್ಲಿರುವ ಕ್ರಮ 12ರಿಂದ 16 ವರ್ಷದವರಿಗೆ. ಸಂಘದ ಕೋಣೆಯಲ್ಲೋ ಸೊಸೈಟಿ ಹಾಲಿನಲ್ಲೋ ಭಾನುವಾರ 90 ನಿಮಿಷ, ಎಂಟು ವಾರ, 12ರಿಂದ 16 ಮಕ್ಕಳು. ಇದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪ್ರಯೋಗ ಮಾಡುವವರು ನಾಲ್ವರು, ಉಳಿದವರು ಪ್ರೇಕ್ಷಕರಾಗಿಬಿಡುತ್ತಾರೆ. ಪ್ರತಿ ಮಗುವಿಗೂ 100 ಪುಟದ ಒಂದು ನೋಟುಪುಸ್ತಕ ಮತ್ತು ಪೆನ್ನು ಬೇಕು. ಪೆನ್ಸಿಲ್ ಬೇಡ. ಮೊದಲು ಬರೆದ ಊಹೆಯನ್ನು ಆಮೇಲೆ ಅಳಿಸಲು ಆಗಬಾರದು.

ಮೊದಲ ವಾರ: ಅಂತೆ ಹಚ್ಚುವುದು

ಮನೆಯ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದ ಆರು ಸಂದೇಶಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಆಯ್ಕೆಯಲ್ಲಿ ಎಚ್ಚರ ಬೇಕು. ಆರೂ ಸುಳ್ಳಾಗಿದ್ದರೆ ಮಕ್ಕಳು ಮೂರನೇ ಚೀಟಿಗೆ ಬರುವಷ್ಟರಲ್ಲಿ ಯೋಚನೆ ನಿಲ್ಲಿಸಿ ‘ಸುಳ್ಳು’ ಎಂದು ಕೂಗತೊಡಗುತ್ತಾರೆ. ಮೂರು ಸುಳ್ಳು, ಎರಡು ವಿಚಿತ್ರವಾದರೂ ನಿಜ, ಒಂದು ಈಗಲೇ ತೀರ್ಮಾನಿಸಲಾಗದ್ದು, ಈ ಲೆಕ್ಕದಲ್ಲಿರಲಿ. ನಿಜವಾದವಕ್ಕೆ ಉದಾಹರಣೆ ಬೇಕಾದರೆ: ಬಾಳೆಹಣ್ಣಿನಿಂದ ಅತ್ಯಲ್ಪ ವಿಕಿರಣ ಹೊಮ್ಮುತ್ತದೆ (ಅದರ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ವಿಕಿರಣಶೀಲ), ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಎರಡನೆಯದನ್ನು ಮನೆಯ ಆರತಿ ತಟ್ಟೆಯಲ್ಲಿ ನೋಡಿದ ಮಗು ಗುಂಪಿನಲ್ಲಿ ಒಂದಾದರೂ ಇರುತ್ತದೆ. ‘ನಿಂಬೆಹಣ್ಣಿನಿಂದ ರಕ್ತ’ ತೆಗೆಯುವ ಆಟಗಳ ಹಿಂದೆಯೂ ಇಂಥದೇ ಬಣ್ಣ ಬದಲಿಸುವ ರಾಸಾಯನಿಕ ಇರುತ್ತದೆ ಎನ್ನಲು ಅಲ್ಲಿಂದ ಒಂದೇ ಹೆಜ್ಜೆ.

ಮಕ್ಕಳು ಪ್ರತಿ ವಾಕ್ಯಕ್ಕೂ ಗಟ್ಟಿಯಾಗಿ ‘ಅಂತೆ’ ಸೇರಿಸಿ ಓದಲಿ. ಆಮೇಲೆ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ: ಯಾರಂತೆ? ಅವರಿಗೆ ಹೇಗೆ ಗೊತ್ತಾಯಿತಂತೆ? ಇದು ಸುಳ್ಳಾಗಿದ್ದರೆ ನಮಗೆ ಏನು ಕಾಣಬೇಕು?

ಮೂರನೆಯ ಪ್ರಶ್ನೆಗೇ ಹೆಚ್ಚು ಹೊತ್ತು ಕೊಡಿ. ‘ಇಂದು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆರಿಸಿ’ ಎಂಬ ಹಳೆಯ ಸಂದೇಶವನ್ನೇ ತೆಗೆದುಕೊಳ್ಳಿ. ಮೊದಲ ಪ್ರಶ್ನೆಗೆ ‘ನಾಸಾ ಅಂತೆ’ ಎಂಬ ಉತ್ತರ ಸಿಗುತ್ತದೆ, ಮಕ್ಕಳು ಅಲ್ಲಿಗೇ ನಿಲ್ಲುತ್ತಾರೆ. ಮೂರನೆಯ ಪ್ರಶ್ನೆ ಅವರನ್ನು ಮುಂದೆ ನೂಕುತ್ತದೆ: ಆ ಕಿರಣಗಳು ಬೇರೆ ದಿನವೂ ಬರುತ್ತಿದ್ದರೆ ಸಂದೇಶ ಬಿದ್ದುಹೋಗುತ್ತದೆ. ಬರುತ್ತಲೇ ಇವೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯುಆನ್ ಕಣಗಳು ನೆಲಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತವೆ. ಚಾಚಿದ ಅಂಗೈ ಮೇಲೆ ಸೆಕೆಂಡಿಗೆ ಒಂದಾದರೂ ಆಯಿತು. ಇದನ್ನು ದಶಕಗಟ್ಟಲೆ ಅಳೆದ ಸಂಸ್ಥೆ ಇದೇ ಊರಿನ ಕೊಲಾಬಾದಲ್ಲಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿಗಳು ಈ ಕಿರಣಗಳನ್ನು ಹಿಂಬಾಲಿಸಿ ಕೋಲಾರದ ಚಿನ್ನದ ಗಣಿಗೆ ಇಳಿದರು, ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಹಿಡಿದರು. ಭಯದ ಸಂದೇಶವೊಂದು ಹೀಗೆ ಕೋಲಾರದ ಗಣಿಯಲ್ಲಿ ಕೊನೆಗೊಂಡರೆ ಮಕ್ಕಳು ಅದನ್ನು ಮರೆಯುವುದಿಲ್ಲ.

ಇಲ್ಲಿಂದ ಮುಂದೆ ನೋಟುಪುಸ್ತಕದ ಪ್ರತಿ ಪುಟಕ್ಕೂ ನಡುವೆ ಗೆರೆ. ಎಡಗಡೆ ‘ಹೀಗೆ ಕಂಡರೆ ಒಪ್ಪುತ್ತೇನೆ’, ಬಲಗಡೆ ‘ಹೀಗೆ ಕಂಡರೆ ಕೈಬಿಡುತ್ತೇನೆ’. ಪ್ರಯೋಗಕ್ಕೆ ಮುಂಚೆ ಎರಡೂ ಕಡೆ ತುಂಬಿರಬೇಕು. ಎಂಟು ವಾರದ ಪಾಠದಲ್ಲಿ ಮಗು ಬೇರೆಲ್ಲ ಮರೆತು ಈ ಗೆರೆಯೊಂದನ್ನು ಉಳಿಸಿಕೊಂಡರೂ ಕೆಲಸ ಆದಂತೆಯೇ. ಬಲಗಡೆ ಖಾಲಿ ಬಿಟ್ಟ ಮಗುವಿಗೆ ಬೈಯಬೇಡಿ. ಖಾಲಿ ಬಿಡಲೇಬೇಕಾದ ಹೇಳಿಕೆಗಳೂ ಇವೆ: ‘ನಂಬಿದವರಿಗೆ ಮಾತ್ರ ಫಲ ಕೊಡುತ್ತದೆ’ ಎಂಬ ಮಾತಿಗೆ ಬಲಗಡೆ ಏನೂ ಬರೆಯಲಾಗದು. ಅದನ್ನು ಮಗುವೇ ಕಂಡುಕೊಳ್ಳಲಿ.

ಗ್ರಹಣದ ಒನಕೆ

ಗ್ರಹಣ ಹಿಡಿದಾಗ ಹಿತ್ತಾಳೆ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ಊರಿಂದ ಮುಂಬೈವರೆಗೂ ಬಂದಿರುವ ಮಾತು. ನಿಲ್ಲುವ ಒನಕೆಯ ವಿಡಿಯೊ ಯಾರದಾದರೂ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ಗಾದೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ‘ವಿಡಿಯೊದಲ್ಲಿ ಏನು ಕಾಣಲಿಲ್ಲ?’ ಎಂದು ಕೇಳಿ. ಬೇಕಾದ ಉತ್ತರ: ಗ್ರಹಣ ಇಲ್ಲದ ದಿನ ಏನಾಯಿತೆಂದು ಕಾಣಲಿಲ್ಲ.

ಸಪಾಟು ತಳದ ಒಂದು ಒನಕೆ ಬೇಕು. ಫ್ಲ್ಯಾಟಿನಲ್ಲಿ ಇಲ್ಲದಿದ್ದರೆ ಕುಟ್ಟಾಣಿಯ ಚಿಕ್ಕ ಒನಕೆಯೂ ಆಗುತ್ತದೆ. ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು. ಒಂದು ದಿನಕ್ಕೆ ಹತ್ತು ಪ್ರಯತ್ನ, ಪ್ರತಿ ಪ್ರಯತ್ನಕ್ಕೆ 20 ಸೆಕೆಂಡು, ಕೈ ಬಿಟ್ಟ ಮೇಲೆ ಹತ್ತು ಎಣಿಸುವವರೆಗೆ ನಿಂತರೆ ‘ನಿಂತಿತು’. ಮೂರು ಬೇರೆ ಬೇರೆ ದಿನ ಮಾಡಿ ಲೆಕ್ಕ ಬರೆದಿಡಿ. ಸಪಾಟು ತಳದ ಭಾರವಾದ ಮರದ ತುಂಡು ಯಾವ ದಿನವಾದರೂ ನಿಲ್ಲುತ್ತದೆ ಎಂಬುದು ಮೊದಲ ದಿನವೇ ಕಾಣುತ್ತದೆ.

ಇಲ್ಲಿ ಕೆಡುವುದು ಸಮಯದ ನಿಯಮ ಇಲ್ಲದಾಗ. ಗ್ರಹಣದ ದಿನ ಮನೆಯವರು ಒನಕೆ ನಿಲ್ಲುವವರೆಗೂ ತಾಳ್ಮೆಯಿಂದ ಸರಿಪಡಿಸುತ್ತಾರೆ, ಬೇರೆ ದಿನ ಎರಡು ಸಲ ಬಿದ್ದರೆ ಎದ್ದು ಹೋಗುತ್ತಾರೆ. ವ್ಯತ್ಯಾಸ ಹುಟ್ಟುವುದು ತಾಳ್ಮೆಯಲ್ಲಿ. 20 ಸೆಕೆಂಡಿನ ನಿಯಮ ಇರುವುದು ಅದಕ್ಕೇ. 2027ರ ಆಗಸ್ಟ್ 2ರ ಸೂರ್ಯಗ್ರಹಣ ಮುಂಬೈ ಕಡೆಗೆ ಪಾರ್ಶ್ವಗ್ರಹಣವಾಗಿ ಬರುತ್ತದೆ. ಮಳೆಗಾಲದ ಮೋಡ ಅಡ್ಡ ಬಂದರೂ ಒನಕೆಯ ಪರೀಕ್ಷೆಗೆ ಅಡ್ಡಿಯಿಲ್ಲ. ಸೂರ್ಯನನ್ನು ನೋಡುವುದಾದರೆ ಮಾತ್ರ ಐಎಸ್ಒ 12312-2 ಗುರುತಿನ ಗ್ರಹಣ ಕನ್ನಡಕ ಕಡ್ಡಾಯ. ಎಕ್ಸ್‌ರೇ ಫಿಲ್ಮು, ತಂಪುಕನ್ನಡಕ ಯಾವುದೂ ನಡೆಯದು.

ಕಾಫಿಯ ಎಂಟು ಲೋಟ

ಹೋಲಿಕೆ ಇಟ್ಟ ಮೇಲೆ ಮುಂದಿನ ಪಾಠ ಕಣ್ಣು ಕಟ್ಟುವುದು. ಚಿಕೋರಿ ಬೆರೆಸಿದ ಕಾಫಿಯನ್ನು ಒಂದು ಗುಟುಕಿಗೇ ಹೇಳುತ್ತೇನೆ ಎನ್ನುವ ಅಜ್ಜನೋ ಮಾವನೋ ಪ್ರತಿ ಕನ್ನಡ ಮನೆಯಲ್ಲೂ ಇರುತ್ತಾರೆ. ಅವರನ್ನು ಮರ್ಯಾದೆಯಿಂದ ಕರೆಯಿರಿ. ಅವರು ರುಚಿ ನೋಡುವವರು, ಮಕ್ಕಳು ಪರೀಕ್ಷೆ ನಡೆಸುವವರು.

ಒಂದೇ ಅಳತೆಯ ಎರಡು ಫಿಲ್ಟರ್ ತನ್ನಿ. ಒಂದಕ್ಕೆ 30 ಗ್ರಾಂ ಅಪ್ಪಟ ಕಾಫಿಪುಡಿ, ಇನ್ನೊಂದಕ್ಕೆ 70:30ರ ಚಿಕೋರಿ ಮಿಶ್ರಣ ಅಷ್ಟೇ ತೂಕ. ಎರಡಕ್ಕೂ 200 ಮಿಲಿ ಕುದಿನೀರು, 20 ನಿಮಿಷ ಇಳಿಯಲು ಬಿಡಿ. ಲೋಟಕ್ಕೆ 15 ಮಿಲಿ ಡಿಕಾಕ್ಷನ್, 45 ಮಿಲಿ ಬಿಸಿಹಾಲು, ಸಕ್ಕರೆ ಬೇಡ. ನಾಲ್ಕು ಲೋಟ ಇದು, ನಾಲ್ಕು ಲೋಟ ಅದು. ಎಂಟು ಚೀಟಿಗಳನ್ನು ಡಬ್ಬಿಯಲ್ಲಿ ಕುಲುಕಿ ಎತ್ತಿ ಕ್ರಮ ನಿರ್ಧರಿಸಬೇಕು. ಮನಸ್ಸಿಗೆ ಬಂದ ಕ್ರಮ ಬೇಡ, ಏಕೆಂದರೆ ಮನುಷ್ಯರು ಆರಿಸಿದ ಕ್ರಮದಲ್ಲಿ ಇದು-ಅದು-ಇದು-ಅದು ಎಂಬ ಅದಲುಬದಲು ಜಾಸ್ತಿ. ಸುರಿದು ಕ್ರಮ ಬರೆದುಕೊಂಡ ಮಗು ಹೊರಗೆ ಹೋಗಬೇಕು. ಕ್ರಮ ಗೊತ್ತಿಲ್ಲದ ಇನ್ನೊಂದು ಮಗು ಲೋಟ ಕೊಡಬೇಕು. ಕೊಡುವವರ ಮುಖದಿಂದಲೂ ಉತ್ತರ ಸೋರುತ್ತದೆ. ನಡುನಡುವೆ ಒಂದು ಗುಟುಕು ನೀರು.

ಮೊದಲ ಸಲ ಇದು ಸಾಮಾನ್ಯವಾಗಿ ಕೆಡುತ್ತದೆ, ಕೆಡಲು ಬಿಡುವುದೇ ಒಳ್ಳೆಯದು. ಚಿಕೋರಿ ಇರುವ ಡಿಕಾಕ್ಷನ್ ಹೆಚ್ಚು ಕಪ್ಪು, ಕಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ಕೊಟ್ಟ ಲೋಟಗಳು ತಣ್ಣಗಾಗಿರುತ್ತವೆ. ಎರಡು ಫಿಲ್ಟರುಗಳಲ್ಲಿ ಒಂದು ಬೇಗ ಇಳಿದು ತೆಳುವಾಗಿರುತ್ತದೆ, ಆಗ ಅಜ್ಜ ಗುರುತಿಸುತ್ತಿರುವುದು ಚಿಕೋರಿಯನ್ನಲ್ಲ, ತೆಳುವನ್ನು. ‘ಅಜ್ಜ ಎಂಟಕ್ಕೆ ಎಂಟು ಹೇಳಿದರೂ ಇನ್ನಾವ ಕಾರಣ ಇದ್ದೀತು?’ ಎಂದು ಮಕ್ಕಳೇ ಪಟ್ಟಿ ಮಾಡಲಿ, ಮುಂದಿನ ವಾರ ಕಣ್ಣಿಗೆ ಪಂಚೆ ಕಟ್ಟಿ, ಲೋಟಗಳನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಮತ್ತೆ ಮಾಡಲಿ. ಏಪ್ರಿಲ್-ಮೇನಲ್ಲಿ ಇದನ್ನೇ ದೇವಗಡ ಹಾಪೂಸಿಗೂ ಕರ್ನಾಟಕದ ಆಪೂಸಿಗೂ ಮಾಡುವ ಆಸೆ ಬರುತ್ತದೆ. ಅದು ಕಷ್ಟದ ಪರೀಕ್ಷೆ: ಒಂದೇ ಮರದ ಎರಡು ಹಣ್ಣಿಗೂ ಮಾಗಿದ ಮಟ್ಟ ಬೇರೆ. ಪ್ರತಿ ತುಂಡೂ ಬೇರೆ ಬೇರೆ ಹಣ್ಣಿನಿಂದ ಬರದಿದ್ದರೆ ನೀವು ಹೋಲಿಸಿದ್ದು ಎರಡು ಊರನ್ನಲ್ಲ, ಎರಡು ಹಣ್ಣನ್ನು.

ಈಗ ಎಣಿಕೆ. ಒಂದೊಂದು ಬಗೆಯದು ನಾಲ್ಕು ಲೋಟ ಎಂದಷ್ಟೇ ತಿಳಿದ ಅಜ್ಜ, ರುಚಿಯಲ್ಲಿ ಏನೂ ಗೊತ್ತಾಗದೆ ಸುಮ್ಮನೆ ಹೇಳಿದ್ದರೆ ಎಷ್ಟು ಸರಿ ಬರುತ್ತಿತ್ತು? ಸೂತ್ರ ಕೊಡಬೇಡಿ. ನಾಲ್ಕು ಲೋಟದಲ್ಲಿ ಎರಡನ್ನು ಆರಿಸುವ ಬಗೆಗಳನ್ನು ಮಕ್ಕಳು ಬರೆದೇ ನೋಡಲಿ: ಆರು. ಆರು ಲೋಟದಲ್ಲಿ ಮೂರು: ಇಪ್ಪತ್ತು. ಎಂಟರಲ್ಲಿ ನಾಲ್ಕು: ಎಪ್ಪತ್ತು. ಎಂಟೂ ಸರಿ ಎಂಬುದು ಆ 70ರಲ್ಲಿ ಒಂದೇ ಒಂದು. ಆದರೆ ಒಂದೊಂದು ಬಗೆಯಲ್ಲಿ ಮೂರು ಸರಿ, ಒಂದು ತಪ್ಪು ಎಂಬುದಕ್ಕೆ 16 ದಾರಿ ಇವೆ. ಹಾಗಾಗಿ ಎಂಟರಲ್ಲಿ ಆರೋ ಹೆಚ್ಚೋ ಸರಿ ಬರುವುದು ಬರೀ ಅದೃಷ್ಟದಿಂದ 70ರಲ್ಲಿ 17 ಸಲ, ಅಂದರೆ ಸುಮಾರು ನಾಲ್ಕಕ್ಕೊಂದು ಸಲ ಆಗುತ್ತದೆ. ‘ಎಂಟರಲ್ಲಿ ಆರು!’ ಎಂದು ಚಪ್ಪಾಳೆ ತಟ್ಟಿದ ಮಕ್ಕಳ ಕೈ ಇಲ್ಲಿ ನಿಲ್ಲುತ್ತದೆ. ಎಂಟು ಬಟ್ಟಲಿನ ಈ ಲೆಕ್ಕವನ್ನು ಚಹಾದ ಉದಾಹರಣೆಯಿಂದ 1935ರಲ್ಲಿ ವಿವರಿಸಿದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. ಇಂದಿನ ಔಷಧ ಪರೀಕ್ಷೆಗಳ ಬೆನ್ನೆಲುಬು ಇದೇ ಯೋಚನೆ.

ಅದೇ ದಿನ ಉಳಿದ ಹತ್ತು ನಿಮಿಷದಲ್ಲಿ ನಾಣ್ಯದ ಆಟ. ಎಲ್ಲರೂ ನಿಂತು ಒಂದೊಂದು ರೂಪಾಯಿ ಚಿಮ್ಮಲಿ, ಹೂ ಬಿದ್ದವರು ಕೂರಲಿ. 16 ಜನರಲ್ಲಿ ಸರಾಸರಿ ನಾಲ್ಕು ಸುತ್ತಿಗೆ ಒಬ್ಬರು ಉಳಿಯುತ್ತಾರೆ. ಆ ಮಗುವನ್ನು ‘ನಿನ್ನ ತಂತ್ರ ಏನು?’ ಎಂದು ಸಂದರ್ಶಿಸಿ. ಐಪಿಎಲ್ ಭವಿಷ್ಯ ಹೇಳುವವರು, ಶೇರು ಸಲಹೆ ಕೊಡುವವರು ಹೇಗೆ ಹುಟ್ಟುತ್ತಾರೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಗಾದೆಯ ಜೊತೆಗೆ ಒಂದು ಪ್ರಶ್ನೆ ಇಡಿ: ಕಾಗೆ ಕೂತೂ ಮುರಿಯದ ಟೊಂಗೆಗಳನ್ನು ಯಾರು ಎಣಿಸಿದರು?

ಪುಣೆಯ ಒಂದು ಪರೀಕ್ಷೆ

ಗೆರೆ, ಹೋಲಿಕೆ, ಕಣ್ಣು ಕಟ್ಟುವುದು, ಎಣಿಕೆ ನಾಲ್ಕೂ ಒಟ್ಟಿಗೆ ಕೆಲಸ ಮಾಡಿದ್ದನ್ನು ತೋರಿಸಲು ಪುಣೆಯ ಜಾತಕ ಪರೀಕ್ಷೆಗಿಂತ ಒಳ್ಳೆಯ ಉದಾಹರಣೆ ಹತ್ತಿರದಲ್ಲಿ ಇನ್ನೊಂದಿಲ್ಲ. 2008ರಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರ್, ಸಂಖ್ಯಾಶಾಸ್ತ್ರಜ್ಞ ಸುಧಾಕರ ಕುಂಟೆ, ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಳಕರ್ ಮತ್ತು ಮಾಜಿ ಜ್ಯೋತಿಷಿ ಪ್ರಕಾಶ ಘಾಟಪಾಂಡೆ ಸೇರಿ 200 ಮಕ್ಕಳ ಜನ್ಮವಿವರ ಸಂಗ್ರಹಿಸಿದರು. ನೂರು ಮಕ್ಕಳು ಓದಿನಲ್ಲಿ ಬಹಳ ಮುಂದಿದ್ದವರು, ನೂರು ಮಕ್ಕಳು ಬೌದ್ಧಿಕ ಅಂಗವೈಕಲ್ಯ ಇದ್ದವರು. ಪ್ರತಿ ಜ್ಯೋತಿಷಿಗೂ 40 ಜಾತಕ. ಯಾವುದು ಯಾವ ಗುಂಪಿನದೆಂದು ಹೇಳಬೇಕು. 28 ಸರಿಯಾದರೆ ಗೆದ್ದಂತೆ ಎಂಬುದು ಮೊದಲೇ ನಿಗದಿಯಾಗಿತ್ತು. ನಾಣ್ಯ ಚಿಮ್ಮಿ ಹೇಳಿದರೆ 40ರಲ್ಲಿ 28 ಮುಟ್ಟುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. 27 ಜ್ಯೋತಿಷಿಗಳು ಉತ್ತರ ಕಳಿಸಿದರು, ಅವರ ಸರಾಸರಿ ಶೇಕಡ 46. ಎಲ್ಲ 200 ಜಾತಕ ಪಡೆದ ಒಂದು ಜ್ಯೋತಿಷ ಸಂಸ್ಥೆಯ ಉತ್ತರದಲ್ಲಿ 102 ಸರಿ ಇದ್ದವು.

ಈ ಅಂಕಿಗಳನ್ನು ತಕ್ಷಣ ಹೇಳಿಬಿಟ್ಟರೆ ಪಾಠ ಹಾಳು. ಮೊದಲು ಮಕ್ಕಳೇ ಪರೀಕ್ಷೆ ರೂಪಿಸಲಿ: ಎಷ್ಟು ಜಾತಕ, ಪಾಸಾಗಲು ಎಷ್ಟು, ಯಾರಿಗೆ ಉತ್ತರ ಗೊತ್ತಿರಬಾರದು. ಆಮೇಲೆ ನಿಜವಾದ ವಿನ್ಯಾಸದ ಜೊತೆ ಹೋಲಿಸಿ. 102 ಎಂಬ ಅಂಕಿ ಕೇಳಿ ‘ಅರ್ಧಕ್ಕಿಂತ ಹೆಚ್ಚು!’ ಎನ್ನುವ ಮಗು ಇದ್ದರೆ ಒಳ್ಳೆಯದೇ, 200 ಸಲ ನಾಣ್ಯ ಚಿಮ್ಮಿಸಿ. ಆಕ್ಷೇಪಗಳನ್ನೂ ಎದುರಿಸಬೇಕು. ‘ಹುಟ್ಟಿದ ಸಮಯ ತಪ್ಪಾಗಿರಬಹುದು’, ‘ಒಳ್ಳೆಯ ಜ್ಯೋತಿಷಿಗಳು ಬಂದಿರಲಿಕ್ಕಿಲ್ಲ’ ಎನ್ನುತ್ತಾರೆ. ಅವನ್ನು ತಳ್ಳಿಹಾಕದೆ, ಆ ಆಕ್ಷೇಪಕ್ಕೆ ಉತ್ತರ ಕೊಡುವ ಮುಂದಿನ ಪರೀಕ್ಷೆ ಹೇಗಿರಬೇಕು ಎಂದು ಬರೆಯಲು ಹೇಳಿ.

ಮಾಹಿಮಿನ ಸಿಹಿನೀರು: ಕಂಡದ್ದು ಬೇರೆ, ಕಾರಣ ಬೇರೆ

2006ರ ಆಗಸ್ಟಿನಲ್ಲಿ ಮಾಹಿಮ್ ಖಾರಿಯ (ಅಳಿವೆಯ) ಬಳಿ ಸಮುದ್ರದ ನೀರು ಸಿಹಿಯಾಗಿದೆ ಎಂಬ ಸುದ್ದಿ ಹಬ್ಬಿ, ಸಾವಿರಾರು ಜನ ಬಾಟಲಿ ತುಂಬಿಕೊಂಡರು, ಕುಡಿದರು. ಕುಡಿಯಬೇಡಿ ಎಂದು ಆಡಳಿತ ಎಚ್ಚರಿಸಬೇಕಾಯಿತು. ಈ ಕತೆ ಹೇಳುವಾಗ ಜನರನ್ನು ಮೂಢರೆಂದು ನಗುವುದು ಸುಲಭ, ಹಾಗೆ ಮಾಡಿದರೆ ಪಾಠ ತಪ್ಪುತ್ತದೆ. ಅವರ ನಾಲಿಗೆ ಸುಳ್ಳು ಹೇಳಿರಲಿಲ್ಲ, ನೀರಿನ ಉಪ್ಪು ನಿಜವಾಗಿಯೂ ಕಡಿಮೆಯಾಗಿತ್ತು. ಕಂಡದ್ದರಿಂದ ಕಾರಣಕ್ಕೆ ಹಾರಿದ್ದು ಮಾತ್ರ ತಪ್ಪು. ಮಳೆಗಾಲ, ಮೀಠಿ ನದಿ ಅದೇ ಖಾರಿಗೆ ಸೇರುತ್ತದೆ, ಸಿಹಿನೀರು ಉಪ್ಪುನೀರಿಗಿಂತ ಹಗುರ. ನದಿಯ ಜೊತೆ ಊರಿನ ಕೊಳಚೆಯೂ ಬರುವುದರಿಂದ ಸಿಹಿ ಎಂದರೆ ಶುದ್ಧ ಎಂದಲ್ಲ.

ಇದನ್ನು ಮೇಜಿನ ಮೇಲೆ ಮಾಡಿ ತೋರಿಸಬಹುದು. 200 ಮಿಲಿ ನೀರಿಗೆ 7 ಗ್ರಾಂ ಉಪ್ಪು ಕರಗಿಸಿದರೆ ಸಮುದ್ರದಷ್ಟೇ ಉಪ್ಪು (ಲೀಟರಿಗೆ ಸುಮಾರು 35 ಗ್ರಾಂ). ಗಾಜಿನ ಲೋಟದ ಅರ್ಧಕ್ಕೆ ಅದನ್ನು ಹಾಕಿ. ಬೀಟ್‌ರೂಟ್ ರಸದಿಂದ ಕೆಂಪಾಗಿಸಿದ ಸಾದಾ ನೀರನ್ನು ಚಮಚದ ಬೆನ್ನಿನ ಮೇಲೆ ಹನಿಹನಿಯಾಗಿ ಇಳಿಸಿ. ಕೆಂಪು ಪದರ ಮೇಲೆ ತೇಲುತ್ತದೆ. ಇನ್ನೊಂದು ಲೋಟದಲ್ಲಿ ಅದಲುಬದಲು ಮಾಡಿ: ಕೆಳಗೆ ಸಾದಾ, ಮೇಲಿಂದ ಬಣ್ಣದ ಉಪ್ಪುನೀರು. ಪದರ ನಿಲ್ಲುವುದಿಲ್ಲ. ಕೆಡುವುದು ಎರಡು ಕಾರಣಕ್ಕೆ: ಸುರಿಯುವ ಆತುರ, ಮತ್ತು ಒಂದು ನೀರು ಫ್ರಿಜ್ಜಿನದು ಇನ್ನೊಂದು ನಲ್ಲಿಯದು ಆಗಿರುವುದು. ತಣ್ಣೀರೂ ಭಾರ, ಆಗ ಉಪ್ಪಿನ ಪರಿಣಾಮವೋ ತಂಪಿನ ಪರಿಣಾಮವೋ ಹೇಳಲಾಗದು. ಪದರ ನಿಂತಿತೆಂದ ಮಾತ್ರಕ್ಕೆ ಅಂದು ಮಾಹಿಮಿನಲ್ಲಿ ಆದದ್ದೂ ಇದೇ ಎಂದು ಸಾಬೀತಾಗುವುದಿಲ್ಲ, ಹಾಗಾಗಲು ಸಾಧ್ಯ ಎಂದಷ್ಟೇ ಆಗುತ್ತದೆ. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿ.

1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಸುದ್ದಿಗೂ ಇದೇ ದಾರಿ: ಚಮಚದ ಹಾಲು ಇಳಿದದ್ದು ನಿಜ. ಬಣ್ಣ ಬೆರೆಸಿದ ಹಾಲನ್ನು ಕಲ್ಲಿನ ಗುಂಡಿಗೆ, ಮಣ್ಣಿನ ಕುಡಿಕೆಗೆ, ಸ್ಟೀಲ್ ಲೋಟದ ಹೊರಮೈಗೆ ತಾಗಿಸಿ; ಮೇಲ್ಮೈ ಎಳೆತಕ್ಕೆ ಸಿಕ್ಕ ಹಾಲು ಎಲ್ಲಿ ಹರಿಯುತ್ತದೆಂದು ಬಣ್ಣವೇ ತೋರಿಸುತ್ತದೆ. ವಿಗ್ರಹ ಬೇಡ, ಅದರ ಅಗತ್ಯವೂ ಇಲ್ಲ.

ಪಠ್ಯಪುಸ್ತಕಕ್ಕೂ ಅಂತೆ

ಅಜ್ಜಿಯ ಮಾತನ್ನು ಮಾತ್ರ ಪರೀಕ್ಷಿಸಿ ಪುಸ್ತಕದ ಮಾತನ್ನು ಹಾಗೇ ನುಂಗುವ ಮಗುವಿಗೆ ನೀವು ಕಲಿಸಿದ್ದು ಯಾರನ್ನು ನಂಬಬೇಕು ಎಂಬುದನ್ನಷ್ಟೇ. ‘ಮಧ್ಯಾಹ್ನ 12ಕ್ಕೆ ನೆರಳು ಅತಿ ಚಿಕ್ಕದು’ ಎಂಬುದನ್ನು ಟೆರೇಸಿನಲ್ಲಿ ನೋಡಿ. ನೆಟ್ಟಗಿನ ಕೋಲು, ಲಂಬ ನೋಡಲು ಕಲ್ಲು ಕಟ್ಟಿದ ದಾರ, ಸೀಮೆಸುಣ್ಣ. 12ರಿಂದ 1:10ರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿ ಗುರುತಿಸಿ. ಮುಂಬೈಯಲ್ಲಿ ಅತಿ ಚಿಕ್ಕ ನೆರಳು ಫೆಬ್ರವರಿ ಮಧ್ಯದಲ್ಲಿ ಸುಮಾರು 12:53ಕ್ಕೆ, ನವೆಂಬರ್ ಮೊದಲಲ್ಲಿ 12:22ರ ಆಸುಪಾಸಿಗೆ ಬೀಳುತ್ತದೆ. ಪುಣೆ, ಪಣಜಿಯಲ್ಲಿ ಸುಮಾರು ನಾಲ್ಕು ನಿಮಿಷ ಮೊದಲು. ನಮ್ಮ ಗಡಿಯಾರ ಪೂರ್ವ 82.5 ಡಿಗ್ರಿ ರೇಖಾಂಶದ್ದು, ಸೂರ್ಯ ಒಂದು ಡಿಗ್ರಿ ದಾಟಲು ನಾಲ್ಕು ನಿಮಿಷ ಬೇಕು, ಮುಂಬೈ ಅಲ್ಲಿಂದ ಒಂಬತ್ತೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಮೇ 16ರ ಸುಮಾರಿಗೆ ಇಲ್ಲಿ ನೆರಳೇ ಇಲ್ಲದ ಮಧ್ಯಾಹ್ನ, 12:35ರ ಹೊತ್ತಿಗೆ. ಜುಲೈ ಕೊನೆಯಲ್ಲೂ ಒಮ್ಮೆ ಬರುತ್ತದೆ, ಮೋಡ ಬಿಡುವುದಿಲ್ಲ.

ಎದುರು ದಿಕ್ಕಿನ ತಪ್ಪೂ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಮನೆಯ ಮಾತೆಂದರೆ ಮೂಢನಂಬಿಕೆ ಎಂದು ಮಕ್ಕಳು ಬೇಗ ತೀರ್ಮಾನಿಸುತ್ತಾರೆ. ತಾಮ್ರದ ತಂಬಿಗೆಯ ನೀರನ್ನು ಬೆಂಗಳೂರಿನ ಸಂಶೋಧಕರು ಪರೀಕ್ಷಿಸಿದ್ದಾರೆ: ರೋಗಕಾರಕ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟ ಮೇಲೆ ಅವು ಸಿಗಲಿಲ್ಲ, ವರದಿ 2012ರಲ್ಲಿ ಬಂತು. ಆದರೆ ಅದೇ ತಂಬಿಗೆ ಸಕ್ಕರೆಕಾಯಿಲೆ ವಾಸಿಮಾಡುತ್ತದೆ ಎಂಬುದು ಬೇರೆ ಹೇಳಿಕೆ, ಆ ಪರೀಕ್ಷೆ ಅದಕ್ಕೆ ಪುರಾವೆಯಾಗದು. ಒಂದು ಮಾತಿಗೆ ಸಿಕ್ಕ ಪುರಾವೆಯನ್ನು ಪಕ್ಕದ ಮಾತಿಗೆ ಅಂಟಿಸುವುದು ಜಾಹೀರಾತಿನ ದೊಡ್ಡ ಕಸುಬು.

ಮನೆಯವರ ಮುಂದೆ

ಎರಡನೇ ವಾರದಿಂದಲೇ ಯಾವುದೋ ಮಗು ಮನೆಗೆ ಹೋಗಿ ಅಜ್ಜಿಯೊಂದಿಗೆ ಜಗಳ ಆಡಿರುತ್ತದೆ. ನಿಯಮ ಮೊದಲೇ ಹೇಳಿ: ಪರೀಕ್ಷೆಗೆ ನಿಲ್ಲಿಸುವುದು ಮಾತನ್ನು, ಮನುಷ್ಯರನ್ನಲ್ಲ, ಅದೂ ಲೋಕದಲ್ಲಿ ಏನೋ ಆಗುತ್ತದೆ ಎನ್ನುವ ಮಾತನ್ನು ಮಾತ್ರ. ಪೂಜೆ, ವ್ರತ, ಹಬ್ಬ ಪರೀಕ್ಷೆಯ ವಿಷಯವಲ್ಲ. ‘ಅಜ್ಜಿ, ಇದನ್ನು ನೀವು ಎಲ್ಲಿ ನೋಡಿದ್ದು? ನಾವಿಬ್ಬರೂ ಸೇರಿ ನೋಡೋಣವಾ?’ ಎಂದು ಕೇಳಲು ಕಲಿಸಿ, ತರಗತಿಯಲ್ಲೇ ಜೋಡಿಯಾಗಿ ಅಭ್ಯಾಸ ಮಾಡಿಸಿ. ಔಷಧಿ ನಿಲ್ಲಿಸಿ ನೋಡುವುದು, ಉಪವಾಸ, ಬೆಂಕಿ, ಆಮ್ಲ, ಸೋಡಿಯಂನಂಥ ಲೋಹ, ಇವು ಯಾವ ಕಾರಣಕ್ಕೂ ಮಕ್ಕಳ ಪ್ರಯೋಗಕ್ಕೆ ಬರಬಾರದು.

ಕಲಿಸುವವರು ಕೂಡ ತಮ್ಮದೊಂದು ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕು. ಅದು ಬಿದ್ದುಹೋದ ದಿನ ‘ನಾನು ತಪ್ಪಿದ್ದೆ’ ಎಂದು ಮಕ್ಕಳ ಎದುರಿಗೇ ಬಲಗಡೆಯ ಕಾಲಮ್ಮಿಗೆ ಟಿಕ್ ಹಾಕಿ. ತಪ್ಪೊಪ್ಪುವುದನ್ನು ಮಕ್ಕಳು ನೋಡಿಯೇ ಕಲಿಯಬೇಕು.

ಕೊನೆಯ ವಾರ: ಮೊಹರು ಹಾಕಿದ ಲಕೋಟೆ

ತರಗತಿ ಏಪ್ರಿಲ್‌ನಲ್ಲಿ ಶುರುವಾದರೆ ಕೊನೆಯ ಪಾಠ ಮಳೆಯ ಹೊಸ್ತಿಲಿಗೆ ಬರುತ್ತದೆ. ಮಿರಗ ಕೂಡಿದರೆ ಮಳೆ ಎಂದು ಬಡಗಣ ಕರ್ನಾಟಕದವರೂ ಮಹಾರಾಷ್ಟ್ರದವರೂ ಹೇಳುತ್ತಾರೆ; ಮೃಗಶಿರಾ ಜೂನ್ 7-8ಕ್ಕೆ ಕೂಡುತ್ತದೆ. ಹವಾಮಾನ ಇಲಾಖೆಯ ಪ್ರಕಾರ ಮುಂಬೈಗೆ ಮುಂಗಾರು ಮುಟ್ಟುವ ಸಾಮಾನ್ಯ ದಿನಾಂಕ ಜೂನ್ 11. ಪ್ರತಿ ಮಗುವೂ ತನ್ನ ದಿನಾಂಕ ಬರೆಯಲಿ. ಇವೆಲ್ಲವನ್ನೂ ಒಂದು ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಎಲ್ಲರೂ ಸಹಿ ಮಾಡಿ.

‘ಮಳೆ ಬಂತು’ ಎಂದರೆ ಏನೆಂದು ಮೊದಲೇ ಬರೆಯದಿದ್ದರೆ ಜೂನಿನಲ್ಲಿ ಜಗಳ ಖಂಡಿತ. ಮುಂಗಾರು ಪೂರ್ವದ ಒಂದು ಗುಡುಗುಮಳೆಯನ್ನೇ ಹಿಡಿದು ಎಲ್ಲರೂ ಗೆದ್ದೆವೆನ್ನುತ್ತಾರೆ. ಸತತ ಎರಡು ದಿನ 2.5 ಮಿಮೀ ಅಥವಾ ಹೆಚ್ಚು ಎಂಬುದು ನಡೆಯುವ ನಿಯಮ. ಇಲಾಖೆಯ ಲೆಕ್ಕದಲ್ಲಿ ‘ಮಳೆಯ ದಿನ’ ಎನ್ನಲು 2.5 ಮಿಮೀ ಬೇಕು.

ಅಳೆಯಲು ಎರಡು ಲೀಟರಿನ, ಮೈ ನೇರವಾದ ಪ್ಲಾಸ್ಟಿಕ್ ಬಾಟಲಿ ಸಾಕು. ಕತ್ತನ್ನು ಮೈ ನೇರವಾಗುವ ಜಾಗದಲ್ಲಿ ಕತ್ತರಿಸಿ, ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳದ ಉಬ್ಬುತಗ್ಗಿಗೆ ಸಿಮೆಂಟ್ ಸುರಿದು ಸಮತಟ್ಟು ಮಾಡಿ, ಅಲ್ಲಿಂದ ಮಿಮೀ ಪಟ್ಟಿ ಅಂಟಿಸಿ. ಬೆಣಚುಕಲ್ಲು ಹಾಕಿ ನೀರು ತುಂಬುವ ವಿಧಾನ ಮುಂಬೈಗೆ ಬೇಡ, ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತದೆ. ಟೆರೇಸಿನಲ್ಲಿ ಗೋಡೆಯಿಂದ ಅದರ ಎತ್ತರದ ಎರಡರಷ್ಟು ದೂರ, ಸುತ್ತ ಮೂರು ಇಟ್ಟಿಗೆ ಒತ್ತು. ದಿನಾ ಬೆಳಿಗ್ಗೆ 8:30ಕ್ಕೆ ಓದಿ, ಬರೆದು, ಪೂರ್ತಿ ಚೆಲ್ಲಿ. ಜುಲೈಯ ಜಡಿಮಳೆಗೆ ಬಾಟಲಿ ತುಂಬಿ ಹರಿಯಬಹುದು, ಅಂಥ ದಿನ ಸಂಜೆಯೂ ಓದಿ ಕೂಡಿಸಿ.

ಡೊಂಬಿವಲಿಯ ಮಗುವಿನ ಅಂಕಿಯೂ ಮಾಟುಂಗಾದ ಮಗುವಿನ ಅಂಕಿಯೂ ಹೊಂದದಿದ್ದರೆ ಯಾರದು ತಪ್ಪು ಎಂದು ಹುಡುಕುವ ಮುಂಚೆ 2005ರ ಜುಲೈ 26ರ ಲೆಕ್ಕ ತೋರಿಸಿ: ಸಾಂತಾಕ್ರೂಜ್ 944 ಮಿಮೀ, ಕೊಲಾಬಾ ಸುಮಾರು 74. ಎರಡೂ ಸರಿಯಾದ ಅಳತೆ, ಎರಡೂ ಮುಂಬೈ. ಹಾಗಾಗಿ ಲಕೋಟೆಯ ಮೇಲೆ ‘ಮುಂಬೈ’ ಎಂದು ಬರೆದರೆ ಸಾಲದು, ಯಾರ ಟೆರೇಸು ಎಂದೂ ಬರೆಯಬೇಕು.

ಲಕೋಟೆ ಒಡೆಯುವುದು ಜೂನ್ 30ಕ್ಕೆ. ಗೆದ್ದ ದಿನಾಂಕವನ್ನು ಹಲಗೆಯ ಮೇಲೆ ಬರೆಯುವ ಮುಂಚೆ, 16 ಮಕ್ಕಳು ಕಣ್ಣುಮುಚ್ಚಿ ದಿನಾಂಕ ಎತ್ತಿದ್ದರೆ ಎಷ್ಟು ಜನ ಇಷ್ಟು ಹತ್ತಿರ ಬರುತ್ತಿದ್ದರು ಎಂದು 30 ಚೀಟಿಯ ಡಬ್ಬಿಯಿಂದ ಎತ್ತಿ ನೋಡಿ. ಒಂದು ವರ್ಷದ ಗೆಲುವಿಗೆ ಹೆಚ್ಚು ಬೆಲೆ ಇಲ್ಲದ್ದರಿಂದ ಅದೇ ಪುಟದಲ್ಲಿ ಮುಂದಿನ ನಾಲ್ಕು ವರ್ಷಕ್ಕೆ ಖಾಲಿ ಸಾಲು ಬಿಡಿ, ಬಾಟಲಿಯನ್ನು ತೊಳೆದು ಒಣಗಿಸಿ ಎತ್ತಿಡಿ.